ಅಧ್ಯಕ್ಷರ ವಾರಾನ್ನ

ಮಳೆ ನಿಂತ ಮೇಲೆ ಜಗಲಿಯ ನೀರನ್ನು ಕಡ್ಡಿಪೊರಕೆಯಲ್ಲಿ ಬೀದಿಗೆ ತಳ್ಳುತ್ತಿದ್ದೆ. ಅರ್ಧ ಜಗಲಿ ಆಗಿತ್ತು, ಅರ್ಧ ಉಳಿದಿತ್ತು. ಉಳಿದ ಅರ್ಧದಲ್ಲಿ ಮಕ್ಕಳು ಕಾಲು ಮೇಲೆತ್ತಿಕೊಂಡು, ಪುಸ್ತಕಗಳನ್ನು ಅಂಗಿಯೊಳಗೆ ತುರುಕಿಕೊಂಡು ಕೂತಿದ್ದವು. ಆಗ ಲಿಖಿತಾ ಬಂದಳು. ಬರಿಗೈಯಲ್ಲಿ ಬಂದಳು.

"ಕೊಟ್ರೇನವ್ವ ಕಾಗದವ?" ಅಂದೆ.

"ಬರೀತಾ ಇದಾರಂತೆ ಅಜ್ಜಿ."

"ಹೋದ ವಾರವೂ ಬರೀತಾನೇ ಇದ್ರಲ್ಲ?"

"ಈ ವಾರ ಇನ್ನೂ ಚೆನ್ನಾಗಿ ಬರೀತಾ ಇದಾರಂತೆ."

ಲಿಖಿತಾ ರಾಣಿಯ ಮಗಳು. ರಾಣಿಗೆ ತಾಂಡ್ಯದ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟು. ಹುಲ್ಲಹಳ್ಳಿ ರಸ್ತೆಯ ನಮ್ಮೂರಿನಿಂದ ಹಾಗೆ ಬೇಕಾದಷ್ಟು ಹೆಂಗಸರು ಮಧ್ಯಾಹ್ನ ಕಂಪನಿ ಬಸ್ಸು ಹತ್ತುತ್ತಾರೆ. ಮನೆಗೆ ಬರುವುದು ಮಕ್ಕಳು ಮಲಗಿದ ಮೇಲೆ. ಸಾಯಂಕಾಲದ ಹೊತ್ತು ಆ ಮಕ್ಕಳಿಗೆ ಹೇಳುವವರಿಲ್ಲ, ಕೇಳುವವರಿಲ್ಲ. ಪಿಯುಸಿ ಓದುವ ಲಿಖಿತಾ ತನ್ನ ವಾರಿಗೆಯ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಈ ಚಿಕ್ಕ ಮಕ್ಕಳನ್ನೆಲ್ಲ ಒಂದೆಡೆ ಕೂರಿಸಿ, ಓದಿಸಿ, ಬಿಸಿ ಅನ್ನ ಸಾರು ಹಾಕಿ, ಒಬ್ಬೊಬ್ಬರನ್ನೇ ಮನೆ ಮುಟ್ಟಿಸಿ ಬರುತ್ತಿದ್ದಳು. ಯಾರೂ ಮಾಡು ಅಂದದ್ದಲ್ಲ. ಕೂರಿಸಿದ ಜಾಗ ನನ್ನ ಜಗಲಿ. ನಾನು ಅಕ್ಷರ ಕಲಿತದ್ದೇ ಮೊಮ್ಮಕ್ಕಳು ಹುಟ್ಟುವ ಕಾಲಕ್ಕೆ, ರಾತ್ರಿ ಶಾಲೆಯಲ್ಲಿ. ಓದುವವರಿಗೆ ಜಾಗ ಇಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಮಳೆ ನನ್ನ ಮಾತು ಕೇಳುವುದಿಲ್ಲ. ಮಳೆ ಬಂದ ದಿನ ಪಾಠವೂ ಇಲ್ಲ, ಅನ್ನವೂ ಇಲ್ಲ.

ಊರಿನ ಡೇರಿಗೆ ಒಂದು ಮಹಡಿ ಇದೆ. ಅದಕ್ಕೆ ಫ್ಯಾನು, ಟ್ಯೂಬ್‌ಲೈಟು, ಬೀಗ ಎಲ್ಲ ಇದೆ. ಒಳಗೆ ಪಾರಿವಾಳಗಳು ಸಂಸಾರ ಮಾಡಿಕೊಂಡಿದ್ದವು. ಹಾಲು ಒಕ್ಕೂಟದ ಅಧಿಕಾರಿ ಕಶ್ಯಪ್ ಅನ್ನುವ ಹುಡುಗ ಬಂದಾಗ ಲಿಖಿತಾ ಮಹಡಿ ಕೇಳಿದಳು. ಅವನು ಒಳ್ಳೆಯವನು. "ಧಾರಾಳವಾಗಿ ತಗೊಳ್ಳಮ್ಮ. ಸಂಘದ ಅಧ್ಯಕ್ಷರಿಂದ ನಮಗೆ ಒಂದು ಕಾಗದ ಬರಲಿ, ಅಭ್ಯಂತರ ಇಲ್ಲ ಅಂತ, ಎರಡು ಸಾಲು. ಕಾರ್ತಿಕದ ಸಭೆಯೊಳಗೆ ಬರಬೇಕು. ಬರದಿದ್ದರೆ ಮಹಡಿ ಹಿಂಡಿ ಗೋಡೌನಿಗೆ ಹೋಗುತ್ತೆ, ಆಮೇಲೆ ನನ್ನ ಕೈಲಿ ಏನೂ ಇಲ್ಲ" ಅಂದ.

ಎರಡು ಸಾಲು. ಅಧ್ಯಕ್ಷ ಚಿಕ್ಕಸ್ವಾಮಿ ಅದನ್ನು ಬರೆಯಲು ಶ್ರಾವಣದಲ್ಲಿ ಕೂತವರು ಆಶ್ವೀಜ ಬಂದರೂ ಎದ್ದಿರಲಿಲ್ಲ.

ಚಿಕ್ಕಸ್ವಾಮಿ ಕೆಟ್ಟವರಲ್ಲ. ಯಾರ ಮನೆಯ ಹಸು ಕರು ಹಾಕಲು ಒದ್ದಾಡಿದರೂ ಎಂಥ ಹೊತ್ತಿನಲ್ಲೂ ಪಂಚೆ ಎತ್ತಿಕಟ್ಟಿ ಬರುವವರು. ಆಳು ಸಣ್ಣ, ಮೈಯಲ್ಲಿ ಮಾಂಸ ಇಲ್ಲ, ಅಂಗಿ ಗೂಟಕ್ಕೆ ನೇತು ಹಾಕಿದ ಹಾಗೆ ಕಾಣುತ್ತಿತ್ತು. ಅಂಥವರಿಗೆ ಒಂದೇ ಒಂದು ಕಾಯಿಲೆ ಅಂಟಿಕೊಂಡಿತ್ತು. ಅದು ಅಧ್ಯಕ್ಷಗಿರಿ. ಸಂಘದ ಕಾಗದ ಅಂದರೆ ಲೆಟರ್‌ಹೆಡ್ಡಿನಲ್ಲಿ ಇರಬೇಕು. ಲೆಟರ್‌ಹೆಡ್ಡು ಅಂದಮೇಲೆ ಅಧ್ಯಕ್ಷರ ಫೋಟೋ ಇರಬೇಕು. ಫೋಟೋ ಅಂದಮೇಲೆ ಅದು ನೋಡಿದವರು ಕೈ ಮುಗಿಯುವ ಹಾಗಿರಬೇಕು. ಅಂಥ ಫೋಟೋ ತೆಗೆಸಿಕೊಳ್ಳುವ ಸಂದರ್ಭ ಅವರ ಬಾಳಿನಲ್ಲಿ ಇನ್ನೂ ಬಂದಿರಲಿಲ್ಲ.

ಅದಕ್ಕೆ ದಾರಿ ಕಂಡದ್ದು ಆಗಸ್ಟ್ ಹದಿನೈದಕ್ಕೆ. ಶಾಲೆಯ ಮುಂದೆ ಬಾವುಟ ಹಾರಿಸಿ, ಲಿಖಿತಾಗೆ ಶಾಲು ಹೊದಿಸಿದರು. ಜನ ಚಪ್ಪಾಳೆ ಹೊಡೆದರು, ನಿಲ್ಲಿಸಲೇ ಇಲ್ಲ. ಆಮೇಲೆ ಮೈಕು ಅಧ್ಯಕ್ಷರ ಕೈಗೆ ಬಂತು. ಅವರು ಸ್ವಾತಂತ್ರ್ಯದ ಬಗ್ಗೆ ಹೇಳಿದರು, ಚಪ್ಪಾಳೆ ಇಲ್ಲ. ಹಾಲಿನ ಗುಣಮಟ್ಟದ ಬಗ್ಗೆ ಹೇಳಿದರು, ಒಬ್ಬರು ಕೆಮ್ಮಿದರು. ಪಕ್ಕದಲ್ಲಿ ಹದಿನಾರು ವರ್ಷದ ಹುಡುಗಿ ಶಾಲು ಹೊದ್ದು ನಿಂತಿದ್ದಾಳೆ. ಚಿಕ್ಕಸ್ವಾಮಿ ಕಣ್ಣು ಮುಚ್ಚಿದರು, ತೆಗೆದರು.

"ಬರೋ ಕಾರ್ತೀಕದ ಮೊದಲ್ನೇ ಸೋಮವಾರ," ಅಂದರು, "ನಂಜುಂಡೇಶ್ವರನ ಸಾಕ್ಷಿಯಾಗಿ ನಾನು ತುಲಾಭಾರ ಮಾಡಿಸ್ತೀನಿ. ನನ್ನ ತೂಕದಷ್ಟು ಅಕ್ಕೀನ ಈ ಮಕ್ಕಳ ಊಟಕ್ಕೆ ಕೊಡ್ತೀನಿ!"

ನಂಜನಗೂಡಿನ ದೇವಸ್ಥಾನದಲ್ಲಿ ಹರಕೆಯವರು ತಕ್ಕಡಿಯಲ್ಲಿ ಕೂತು ತಮ್ಮ ತೂಕದ ಬೆಲ್ಲವನ್ನೋ ಅಕ್ಕಿಯನ್ನೋ ಒಪ್ಪಿಸುವುದು ನಮ್ಮ ಕಡೆ ಕಂಡದ್ದೇ. ಊರಿನ ಡೇರಿ ಮುಂದೆ, ಮಕ್ಕಳಿಗೆ ಅಂತ ಯಾರೂ ಮಾಡಿರಲಿಲ್ಲ. ಈ ಸಲ ಚಪ್ಪಾಳೆ ಬಂತು. ಹೆಂಗಸರ ಸಾಲಿನಲ್ಲಿ ಅವರ ಹೆಂಡತಿ ದೇವೀರಮ್ಮ ಮಾತ್ರ ಚಪ್ಪಾಳೆ ತಟ್ಟಲಿಲ್ಲ; ತಲೆಯ ಮೇಲೆ ಕೈ ಹೊತ್ತಳು.

"ಅಕ್ಕಿ ಎಲ್ಲಿಂದ ತತ್ತೀರಿ?" ಅಂತ ಮನೆಗೆ ಹೋಗುವ ದಾರಿಯಲ್ಲೇ ಕೇಳಿದಳಂತೆ.

"ನಿನ್ನ ತಮ್ಮಂದು ನರಸೀಪುರದಲ್ಲಿ ಮಿಲ್ಲಿಲ್ವಾ?" ಅಂದರಂತೆ.

ಮಾರನೆಯ ಬೆಳಿಗ್ಗೆ ಡೇರಿಯ ಸಾಲಿನಲ್ಲಿ ಹಾಲಿನ ಕ್ಯಾನು ಹಿಡಿದು ನಿಂತಿದ್ದ ಕೆಂಪಾಜಮ್ಮ ಅಧ್ಯಕ್ಷರನ್ನು ಕಾಲಿನಿಂದ ತಲೆಯ ತನಕ ನೋಡಿದಳು. ಕೆಂಪಾಜಮ್ಮ ನನ್ನ ಪಕ್ಕದ ಮನೆಯವಳು. ಸಂತೆಯಲ್ಲಿ ಹಸುವಿನ ಬೆನ್ನು ತಟ್ಟಿ ಬೆಲೆ ಹೇಳುವವಳು.

"ಅಲ್ಲ ಕಣವ್ವ," ಅಂದಳು ನನ್ನ ಕಿವಿಯಲ್ಲಿ, "ಈ ಒಣಕಡ್ಡೀನ ತೂಗಿದ್ರೆ ಮಕ್ಳಿಗೆ ಎಷ್ಟು ದಿನಕ್ಕಾದದು? ಕಾರ್ತೀಕಾನೇ ದಾಟಕ್ಕಿಲ್ಲ."

"ಅದಕ್ಕೇನು ಮಾಡೋಕಾಯ್ತದೆ?"

"ಕರೆಯೋ ಹಸೂಗೆ ಹಿಂಡಿ ಇಕ್ಕಲ್ವಾ?"

ಈ ಮಾತು ಕೆಂಪಾಜಮ್ಮನ ಹಿಂದೆ ನಿಂತಿದ್ದ ಕವನಳ ಕಿವಿಗೆ ಬಿತ್ತು. ಕವನ ಲಿಖಿತಾಳ ಬಲಗೈ. ಲಿಖಿತಾ ಯೋಚಿಸುವವಳು, ಕವನ ಮಾಡಿಬಿಡುವವಳು. ಆಶ್ವೀಜದಲ್ಲಿ ಲಿಖಿತಾ ಪರೀಕ್ಷೆ ಮುಗಿಯುವ ತನಕ ಅಂತ ನಂಜನಗೂಡಿನ ಚಿಕ್ಕಮ್ಮನ ಮನೆಗೆ ಹೋದಳು. ಅವಳು ಇಲ್ಲದ ಹೊತ್ತಿನಲ್ಲಿ ಕವನ ಮನೆಮನೆ ಸುತ್ತಿ ವಾರಾನ್ನ ಗೊತ್ತು ಮಾಡಿದಳು.

ವಾರಾನ್ನ ಅಂದರೆ ಈಗಿನವರಿಗೆ ಕೇಳಿ ಮಾತ್ರ ಗೊತ್ತು. ಹಿಂದೆ ಓದಲು ಊರು ಬಿಟ್ಟು ಬಂದ ಬಡ ಹುಡುಗರಿಗೆ ವಾರದ ಒಂದೊಂದು ದಿನ ಒಂದೊಂದು ಮನೆಯವರು ಊಟ ಹಾಕುತ್ತಿದ್ದರು. ಎಷ್ಟೋ ಜನ ಮೇಷ್ಟ್ರು, ವಕೀಲರು ಆ ಅನ್ನ ತಿಂದು ಬೆಳೆದವರು. ನಮ್ಮೂರಿನಲ್ಲಿ ಆ ಪದ್ಧತಿ ನಿಂತು ಒಂದು ತಲೆಮಾರು ಆಗಿತ್ತು. ಮತ್ತೆ ಶುರುವಾದದ್ದು ಡೇರಿ ಅಧ್ಯಕ್ಷರಿಗೆ. ಸೋಮವಾರ ಕೆಂಪಾಜಮ್ಮ. ಮಂಗಳವಾರ ಆಲೆಮನೆ ಕರಿಯಪ್ಪ. ಹೀಗೆ ದಿನಕ್ಕೊಂದು ಮನೆ. ಭಾನುವಾರ ನನ್ನದು, ಒಬ್ಬಟ್ಟು.

ಅಧ್ಯಕ್ಷರಿಗೆ ಕವನ ಹೇಳಿದ್ದು ಇಷ್ಟೇ: "ಊರಿನವರೆಲ್ಲ ನಿಮ್ಮನ್ನ ಊಟಕ್ಕೆ ಕರೀತಾವ್ರೆ ದೊಡ್ಡಪ್ಪ."

"ಎಲ್ಲಾರೂನಾ?"

"ಎಲ್ಲಾರೂ."

ಅವರು ಮೀಸೆ ಸವರಿದರು. ಊರಿಗೆ ಊರೇ ಒಬ್ಬ ಮನುಷ್ಯನನ್ನು ಸರದಿಯ ಮೇಲೆ ಊಟಕ್ಕೆ ಕರೆಯುವುದು ಯಾವಾಗ? ಆ ಮನುಷ್ಯನನ್ನು ಎಲೆಕ್ಷನ್ನಿಗೆ ನಿಲ್ಲಿಸಬೇಕು ಅನ್ನುವಾಗ. ತಾಲ್ಲೂಕು ಪಂಚಾಯ್ತಿ ಎಲೆಕ್ಷನ್ನು ಇಂದು ಬರುತ್ತೆ ನಾಳೆ ಬರುತ್ತೆ ಅನ್ನುತ್ತಿದ್ದರು. ಚಿಕ್ಕಸ್ವಾಮಿಗೆ ಎಲ್ಲ ಅರ್ಥವಾಯಿತು. ಅವರಿಗೆ ಎಲ್ಲ ಅರ್ಥವಾದ ದಿನಗಳಲ್ಲೇ ಊರಿಗೆ ಕಷ್ಟ ಬರುವುದು.

ಮೊದಲ ಸೋಮವಾರ ಕೆಂಪಾಜಮ್ಮನ ಮನೆಯಲ್ಲಿ ನಾನೂ ಇದ್ದೆ, ಬಡಿಸಲು. ಮುದ್ದೆ, ಅವರೆಕಾಳು ಸಾರು, ಅನ್ನ, ತುಪ್ಪ, ಶ್ಯಾವಿಗೆ ಪಾಯಸ.

"ಇನ್ನೊಂದು ಮುದ್ದೆ ಆಕ್ಸ್ಕಳಿ."

"ಸಾಕು ಕೆಂಪಾಜಕ್ಕ."

"ಸಾಕು ಅನ್ಬ್ಯಾಡಿ. ನಿಮ್ಮ ಒಟ್ಟೆ ಈಗ ನಿಮ್ದಲ್ಲ. ಎಲ್ಲಾರ್ದೂವೆ."

ಅಧ್ಯಕ್ಷರ ಕಣ್ಣು ತುಂಬಿ ಬಂತು. ಅವರು ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಎದ್ದು ಕೈ ತೊಳೆದು, ನಡುಮನೆಯಲ್ಲಿ ನಿಂತು, ಅಲ್ಲಿದ್ದ ನಮ್ಮಿಬ್ಬರನ್ನೂ ಒಂದು ಬೆಕ್ಕನ್ನೂ ಉದ್ದೇಶಿಸಿ ಮಾತಾಡಿದರು. "ನಿಮ್ಮ ಅಭಿಮಾನಾನ ನಾನು ಮರೆಯೋನಲ್ಲ. ಮುಂದೆ ಒಂದು ಸ್ಥಾನ ಅಂತ ಸಿಕ್ಕಿದ್ರೆ ಮೊದಲ್ನೇ ಕೆಲಸ ಈ ಬೀದಿಗೆ ಚರಂಡಿ."

"ಚರಂಡಿ ಆಮೇಕೆ," ಅಂದಳು ಕೆಂಪಾಜಮ್ಮ. "ಪಾಯಸ ಉಳ್ಕಂಡದೆ, ಕೂತ್ಕಳಿ."

ವಾರ ಕಳೆದಂತೆ ಅಧ್ಯಕ್ಷರ ಕೆನ್ನೆ ಕಾಣಿಸಿಕೊಂಡಿತು. ಆಮೇಲೆ ಕತ್ತು. ಹಳೆಯ ಅಂಗಿಯ ಗುಂಡಿಗಳು ಬಿಡುವ ಹಾಗಾಗಿ, ಹುಲ್ಲಹಳ್ಳಿಯ ದರ್ಜಿಯ ಹತ್ತಿರ ದೊಡ್ಡ ಅಂಗಿ ಹೊಲಿಸಿದರು, ಬಿಳಿಯದು. ಸಾಲಿನಲ್ಲಿ ಹಾಲು ಹಾಕಲು ನಿಂತವರು ಅವರನ್ನು ನೋಡುವ ರೀತಿ ಬದಲಾಯಿತು. "ಮೈ ಕಟ್ಟತಾ ಅದೆ," ಅನ್ನುವರು. "ಕಾರ್ತೀಕಕ್ಕೆ ತಯಾರಾಯ್ತದೆ." ಅಧ್ಯಕ್ಷರು ಅವರಿಗೆಲ್ಲ ಕೈ ಮುಗಿಯುವರು.

ಇತ್ತ ದೇವೀರಮ್ಮ ಮಾಡಿದ ಅಡುಗೆ ಮನೆಯಲ್ಲಿ ಹಾಗೇ ಉಳಿಯುತ್ತಿತ್ತು. ಒಂದು ದಿನ ಗಂಡ ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಪರದಾಡುವುದನ್ನು ನೋಡಿದಳು. ಅದುವರೆಗೆ ಅಕ್ಕಿಯ ವಿಷಯ ತಮ್ಮನಿಗೆ ಹೇಳಲು ಬಾಯಿ ಬಾರದೆ ಇದ್ದವಳು ಆ ದಿನ ಫೋನು ಮಾಡಿ ಅತ್ತುಬಿಟ್ಟಳು.

ತಮ್ಮ ಚಂದ್ರಶೇಖರ್ ಮರುದಿನವೇ ಕಾರು ತಗೊಂಡು ಬಂದ. ತುಲಾಭಾರ ಅನ್ನುವುದು, ಅಕ್ಕಿ ತನ್ನ ಮಿಲ್ಲಿನದು ಅನ್ನುವುದು, ಎರಡೂ ಅವನಿಗೆ ಒಟ್ಟಿಗೆ ತಿಳಿದದ್ದು. ಅವನು ಕಿರುಚಾಡಲಿಲ್ಲ, ವ್ಯಾಪಾರಸ್ಥ. ನೆನೆದ ಮೂಟೆಯನ್ನು ನೋಡುವ ಹಾಗೆ ಭಾವನನ್ನು ಸುತ್ತಲೂ ನೋಡಿದ.

"ಭಾವ, ಮುಖದಲ್ಲಿ ಒಂದು ಕಳೆ ಬಂದದೆ. ಆದ್ರೆ ನಾಯಕರಿಗೆ ಇಷ್ಟು ಹೊಟ್ಟೆ ಚೆನ್ನಾಗಿರಲ್ಲ. ಈಗ ದೊಡ್ಡ ದೊಡ್ಡವರೆಲ್ಲ ಪಥ್ಯ ಮಾಡ್ತಾರೆ. ನರಸೀಪುರಕ್ಕೆ ಬನ್ನಿ, ನಾನು ನೋಡ್ಕೊತೀನಿ."

"ದೊಡ್ಡ ದೊಡ್ಡವರೆಲ್ಲಾನಾ?" ಅಂತ ಕೇಳಿ ಅಧ್ಯಕ್ಷರು ಕಾರು ಹತ್ತಿದರು.

ಅವರು ಹೋದ ಸುದ್ದಿ ಗೊತ್ತಾದಾಗ ಆ ದಿನದ ಸರದಿಯ ಮನೆಯಲ್ಲಿ ಕಜ್ಜಾಯ ಬೇಯುತ್ತಿತ್ತು. ಊರಿಗೆ ಸೂತಕ ಬಂದ ಹಾಗಾಯಿತು. "ಕಷ್ಟಪಟ್ಟು ಮೈಗೆ ಅತ್ತಿಸಿದ್ದನ್ನ ಆ ಮಿಲ್ಲಿನೋನು ಇಳಿಸ್ಬುಟ್ಟಾನು!" ಅಂತ ಕೆಂಪಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕೆಂಪಾಜಮ್ಮ, ಕವನ, ನಾನು ಮೂವರೂ ಕ್ಯಾರಿಯರ್ ತುಂಬ ಒಬ್ಬಟ್ಟು ತುಂಬಿಕೊಂಡು, ನಂಜನಗೂಡಿನಲ್ಲಿ ಬಸ್ಸು ಬದಲಾಯಿಸಿ ಟಿ. ನರಸೀಪುರಕ್ಕೆ ಹೋದೆವು.

ಮಿಲ್ಲಿನ ಅಂಗಳದಲ್ಲಿ, ಹೊಟ್ಟಿನ ರಾಶಿಯ ಪಕ್ಕ, ಅಧ್ಯಕ್ಷರು ಖಾಲಿ ಚೀಲದ ಮೇಲೆ ಕೂತು ಲೋಟದಲ್ಲಿ ಬೂದುಗುಂಬಳದ ರಸ ಕುಡಿಯುತ್ತಿದ್ದರು. ಕೆನ್ನೆ ಆಗಲೇ ಅರ್ಧ ಹೋಗಿತ್ತು.

"ಅಯ್ಯೋ ನಮ್ಮಪ್ಪಾ, ಏನಾಗ್ಬುಟ್ರಿ!" ಅಂತ ಕೆಂಪಾಜಮ್ಮ ಸತ್ತವರ ಮನೆಯಲ್ಲಿ ತೆಗೆಯುವ ದನಿ ತೆಗೆದಳು.

ಚಂದ್ರಶೇಖರ್ ಒಳಗಿಂದ ಬಂದ. "ಏನಮ್ಮಾ, ನಮ್ಮ ಭಾವನ್ನ ಜಾತ್ರೆ ಹೋರಿ ಥರ ಮೇಯಿಸ್ತಾ ಇದೀರಂತೆ?"

"ನೀವು ಬ್ಯಾಸ್ಗೇಲಿ ಎಮ್ಮೆ ಒಣಗಿಸ್ದಂಗೆ ಒಣಗಿಸ್ತಾ ಇದೀರಲ್ಲ, ಅದು ಸರೀನಾ?"

"ನಮ್ಮ ಭಾವ, ನಮ್ಮಿಷ್ಟ."

"ನಿಮ್ಮ ಭಾವ ಇರಬೌದು, ನಮ್ಮ ಅಧ್ಯಕ್ಷರು! ಡೇರಿಗೆ ಹಾಲು ಹಾಕೋರು ನಾವು."

"ಅಕ್ಕಿ ಹಾಕೋನು ನಾನು!"

ಇಬ್ಬರ ನಡುವೆ ಅಧ್ಯಕ್ಷರು ಲೋಟ ಹಿಡಿದು ಎದ್ದು ನಿಂತರು. ಒಂದು ಕಡೆ ನರಸೀಪುರ ತಾಲ್ಲೂಕು, ಇನ್ನೊಂದು ಕಡೆ ನಂಜನಗೂಡು ತಾಲ್ಲೂಕು, ತಮಗಾಗಿ ಕಾದಾಡುತ್ತಿರುವುದು ಅವರಿಗೆ ಕಂಡಿತು.

"ನನ್ನಿಂದ ಜಗಳ ಬೇಡಿ," ಅಂದರು ನಿಧಾನವಾಗಿ. "ನಾನು ಎಲ್ಲಾರಿಗೂ ಸೇರಿದೋನು. ಆದ್ರೆ ಚಂದ್ರಶೇಖರ, ಜನ ಇಷ್ಟು ದೂರ ಹುಡುಕ್ಕೊಂಡು ಬಂದ್ಮೇಲೆ ನಾನು ಇಲ್ಲಿ ಕೂತ್ರೆ ಆಯ್ತದಾ?"

ಚಂದ್ರಶೇಖರ್ ಭಾವನ ಮುಖ ನೋಡಿದ. ಭಾವನನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲಿಸಿದ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆದ. "ಎಲ್ಲಾರೂ ನೋಡ್ಕಳಿ," ಅಂದ ನಮಗೆ. "ನನ್ನ ಭಾವ ಅಂದ್ರೆ ಇಷ್ಟೇ."

ಬಸ್ಸಿನಲ್ಲಿ ಬರುವಾಗ ಅಧ್ಯಕ್ಷರು ಒಬ್ಬಟ್ಟು ತಿನ್ನುತ್ತಾ, "ಪಾಪ, ನನ್ನನ್ನ ಬಿಟ್ಟಿರೋಕೆ ಅವನಿಗೆ ಆಗಲ್ಲ" ಅಂದರು.

ಪರೀಕ್ಷೆ ಮುಗಿಸಿ ಲಿಖಿತಾ ಊರಿಗೆ ಬಂದ ದಿನ ಭಾನುವಾರ. ನಾನು ಹೂರಣ ರುಬ್ಬುತ್ತಿದ್ದೆ, ಕವನ ಏಲಕ್ಕಿ ಸುಲಿಯುತ್ತಿದ್ದಳು. ಮಕ್ಕಳು ಜಗಲಿಯಲ್ಲಿ ಅನ್ನಕ್ಕೆ ಕಾಯುತ್ತಿದ್ದವು.

"ಯಾರಿಗೆ ಅಜ್ಜಿ ಒಬ್ಬಟ್ಟು? ಮಕ್ಕಳಿಗಾ?"

ನಾನು ಕವನಳ ಮುಖ ನೋಡಿದೆ. ಕವನ ಏಲಕ್ಕಿ ನೋಡಿದಳು. ಆಮೇಲೆ ಎಲ್ಲ ಹೇಳಿದಳು, ಹೆಮ್ಮೆಯಿಂದಲೇ. ಲಿಖಿತಾ ಕೂಗಾಡುವ ಹುಡುಗಿ ಅಲ್ಲ. ಎಲ್ಲ ಕೇಳಿಸಿಕೊಂಡು ಕವನಳ ಎದುರಿಗೆ ಕೂತಳು.

"ವಾರಾನ್ನ ಓದೋ ಮಕ್ಕಳಿಗೆ ಹಾಕೋದು ಕವನ. ಅವರ ಎಲೆಗೆ ಇಷ್ಟು ದಿನ ಬಿದ್ದ ಅಕ್ಕಿ ನೇರವಾಗಿ ನಮ್ಮ ಪಾತ್ರೆಗೆ ಬಿದ್ದಿದ್ರೆ ಈ ತುಲಾಭಾರಾನೇ ಬೇಕಾಗಿರ್ಲಿಲ್ಲ. ಒಂದು ಕೆಜಿ ಮೈಗೆ ಹತ್ತಬೇಕಾದ್ರೆ ಎಷ್ಟು ಕೆಜಿ ಅನ್ನ ಹಾಕಿದೀರ?"

"ಕೇಳಿದ್ರೆ ಕೊಡ್ತಿದ್ರಾ ಲಿಖಿ?" ಅಂದಳು ಕವನ. "ಹೋದ ವರ್ಷ ಡಬ್ಬ ಹಿಡ್ಕೊಂಡು ಮನೆಮನೆಗೆ ಹೋಗಿದ್ವಲ್ಲ, ಏನು ಸಿಕ್ತು? ಮಕ್ಕಳಿಗೆ ಅಂದ್ರೆ ನಾಳೆ ಬಾ ಅಂತಾರೆ. ಅಧ್ಯಕ್ಷರಿಗೆ ಅಂದ್ರೆ ತುಪ್ಪ ಹಾಕ್ತಾರೆ."

ರುಬ್ಬುವ ಕೈ ನಿಂತಿತು, ನನ್ನದು. ಲಿಖಿತಾ ಎದ್ದು ಅಧ್ಯಕ್ಷರ ಮನೆಗೆ ಹೊರಟಳು. ನಾನು ಹಿಂದೆಯೇ ಹೋದೆ.

"ದೊಡ್ಡಪ್ಪ, ಒಂದು ಮಾತು. ಊರಿನವರು ಊಟ ಹಾಕ್ತಾ ಇರೋದು ತುಲಾಭಾರಕ್ಕೆ. ನೀವು ದಪ್ಪ ಆದ್ರೆ ಅಕ್ಕಿ ಜಾಸ್ತಿ ಬರುತ್ತೆ ಅಂತ. ನಮ್ಮ ಕವನಾನೇ ಗೊತ್ತು ಮಾಡಿದ್ದು. ತಪ್ಪಾಯ್ತು."

ಚಿಕ್ಕಸ್ವಾಮಿ ಅವಳನ್ನು ಕರುಣೆಯಿಂದ ನೋಡಿದರು. ಆಮೇಲೆ ಸ್ವರ ತಗ್ಗಿಸಿದರು. "ಯಾರು ಹೇಳ್ಕೊಟ್ರು ಕೂಸೇ? ಎದುರು ಪಾರ್ಟಿಯವರಾ?"

"ಯಾವ ಪಾರ್ಟಿ ದೊಡ್ಡಪ್ಪ?"

"ಬುಡು. ನಿನಗಿನ್ನೂ ರಾಜಕೀಯ ಅರ್ಥ ಆಗಲ್ಲ."

ಲಿಖಿತಾ ಅಷ್ಟಕ್ಕೇ ಬಿಡಲಿಲ್ಲ. "ಹಾಗಾದ್ರೆ ಆ ಕಾಗದ?"

"ನಾಳೆ ಸೋಮವಾರ ತಕ್ಕಡೀಲಿ ಕೂತ ಫೋಟೋ ಬರ್ಲಿ. ಮಂಗಳವಾರ ಮೈಸೂರಲ್ಲಿ ಲೆಟರ್‌ಹೆಡ್ಡು. ಬುಧವಾರ ಕಾಗದ. ಓದ್ದೋರು ಎದ್ದು ನಿಲ್ಲಬೇಕು, ಅಂಥ ಕಾಗದ."

"ಒಕ್ಕೂಟದ ಸಭೆ ಮಂಗಳವಾರ ದೊಡ್ಡಪ್ಪ. ಅವತ್ತೇ ಮಹಡಿ ಗೋಡೌನಿಗೆ ಹೋಗುತ್ತೆ."

"ಇಂಥ ಕಾಗದಕ್ಕೆ ಸಭೆ ಕಾಯ್ತದೆ," ಅಂದರು. ಗೋಡೆಯ ಆಚೆಯಿಂದ ದೇವೀರಮ್ಮ, "ಒಬ್ಬಟ್ಟಿಗೆ ಒತ್ತಾಯ್ತು, ಓಗಿ. ಮನೇಲಿ ಹೆಂಗಿದ್ರೂ ಉಣ್ಣೋರಿಲ್ಲ" ಅಂದಳು.

ಸೋಮವಾರ ಬಂತು. ಡೇರಿ ಮುಂದಿನ ಹುಣಸೆಮರಕ್ಕೆ ಕರಿಯಪ್ಪನ ಆಲೆಮನೆಯಲ್ಲಿ ಬೆಲ್ಲ ತೂಗುವ ದೊಡ್ಡ ತಕ್ಕಡಿ ಕಟ್ಟಿದ್ದರು. ತಟ್ಟೆಗಳಿಗೆ ಅರಿಶಿನ, ಕುಂಕುಮ. ಸರಪಳಿಗೆ ಚೆಂಡುಹೂವು. ಕುರ್ಚಿಯಲ್ಲಿ ಅಧಿಕಾರಿ ಕಶ್ಯಪ್. ಎದುರಿಗೆ ಫೋಟೋದವನು. ಮಕ್ಕಳು ಸಾಲಾಗಿ ನೆಲದ ಮೇಲೆ. ಚಂದ್ರಶೇಖರ್ ವ್ಯಾನಿನಿಂದ ಮೂಟೆಗಳನ್ನು ಇಳಿಸಿ, ಒಂದು ಮೂಟೆಯ ಮೇಲೆ ತಾನೇ ಕೂತಿದ್ದ.

ಸಂಜೆಯ ಬಿಸಿಲಿನಲ್ಲಿ ಅಧ್ಯಕ್ಷರು ಬಂದರು. ಬಿಳಿ ಅಂಗಿ, ಹಣೆಗೆ ವಿಭೂತಿ. ಆಕಾಶ ನೋಡಿ ಕೈ ಮುಗಿದು, ತಟ್ಟೆಯಲ್ಲಿ ಚಕ್ಕಳಮಕ್ಕಳ ಕೂತರು. ತಟ್ಟೆ ಧೊಪ್ಪನೆ ನೆಲಕ್ಕೆ ಇಳಿಯಿತು. ಕೆಂಪಾಜಮ್ಮ ಕೊರವಂಜಿಯ ಹಾಗೆ ಕಣ್ಣು ಮುಚ್ಚಿ ತಲೆದೂಗಿದಳು.

ಎದುರು ತಟ್ಟೆಗೆ ಮೂಟೆ ಬಿತ್ತು. ಇನ್ನೊಂದು ಬಿತ್ತು. ಇನ್ನೊಂದು ಅರ್ಧ ಮೂಟೆ. ಆಮೇಲೆ ಚಂದ್ರಶೇಖರ್ ಕೈ ಒದರಿಕೊಂಡ. "ಅಷ್ಟೇ."

ಅಧ್ಯಕ್ಷರು ನೆಲದಲ್ಲೇ ಇದ್ದರು. ಅಕ್ಕಿ ಮೇಲೆ ತೂಗಾಡುತ್ತಿತ್ತು.

"ಸಮ ಆಗಿಲ್ವಲ್ಲಪ್ಪ," ಅಂದ ಕರಿಯಪ್ಪ.

"ನಮ್ಮ ಮಿಲ್ಲಿನ ಗೋಡೆ ಮೇಲೆ ಬರ್ದಿದ್ದೀನಿ, ಈ ಅಮ್ಮಾವ್ರ ಕಣ್ಣೆದುರಿಗೇ. ಅಷ್ಟು ತೂಕಕ್ಕೆ ಅಕ್ಕಿ ತಂದಿದ್ದೀನಿ, ಒಂದು ಕಾಳು ಕಮ್ಮಿ ಇಲ್ಲ. ಆಮೇಲೆ ತುಂಬಿದ ತೂಕ ನಂದಲ್ಲ. ತುಂಬಿದೋರು ತರ್ಲಿ."

"ನಾವ್ಯಾಕೆ ತರಬೇಕು?" ಕೆಂಪಾಜಮ್ಮ ಎದ್ದಳು. "ನಮ್ಮ ಪಾಲಿನ ಅಕ್ಕಿ ಆಗ್ಲೇ ತಕ್ಕಡೀಲಿ ಕೂತದೆ, ಆ ಕಡೆ ತಟ್ಟೇಲಿ! ಆ ಕತ್ತು ನೋಡಿ, ಅದು ನಮ್ಮನೆ ಮುದ್ದೆ."

"ಕತ್ತು ನಮ್ದು," ಅಂದ ಕರಿಯಪ್ಪ. "ಬೆಲ್ಲದ ಪಾಯಸದ್ದು."

"ಮೇಯಿಸಿ ಮೇಯಿಸಿ ನನ್ನ ಮೇಲೆ ಹೊರಿಸೋಕೆ ಬಂದ್ರಲ್ಲ!" ಅಂದ ಚಂದ್ರಶೇಖರ್.

"ಮಕ್ಳಿಗೆ ನಾಕು ಕಾಳು ಜಾಸ್ತಿ ಬರ್ಲಿ ಅಂತ ಮೇಯಿಸ್ದೋ! ಇಲ್ದಿದ್ರೆ ಇವ್ರಿಗ್ಯಾಕೆ ನಾವು ದಿನಾ ಇಕ್ತಿದ್ದೋ?"

ಮಾತು ಬಾಯಿಂದ ಹೋದ ಮೇಲೆ ಕೆಂಪಾಜಮ್ಮ ನಾಲಗೆ ಕಚ್ಚಿಕೊಂಡಳು. ಅಧ್ಯಕ್ಷರು ತಟ್ಟೆಯಲ್ಲಿ ಕೂತ ಹಾಗೇ ಒಬ್ಬೊಬ್ಬರ ಮುಖ ನೋಡಿದರು.

"ಸೋಮವಾರದ ಶ್ಯಾವಿಗೆ ಪಾಯಸ, ಕೆಂಪಾಜಕ್ಕ?"

"ಅದೂ ಮಕ್ಳಿಗೇ, ಅಧ್ಯಕ್ಷರೇ."

"ಅವ್ವಾ, ನಿಮ್ಮ ಒಬ್ಬಟ್ಟು?" ಅಂದರು ನನ್ನ ಕಡೆ ತಿರುಗಿ.

"ಹೂಂ ಕಣಪ್ಪ," ಅಂದೆ. "ತುಪ್ಪ ಮಾತ್ರ ನಿನಗೇ ಅಂತ ಹಾಕಿದ್ದು."

ಅವರು ಹೆಂಡತಿಯ ಕಡೆ ನೋಡಿದರು. ದೇವೀರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನನ್ನೇನು ನೋಡ್ತೀರಿ? ನರಸೀಪುರಕ್ಕೆ ಕಳಿಸ್ದೋಳೂ ನಾನೇ. ಅದೂ ತೂಕಕ್ಕೇ."

"ಹಂಗಾರೆ ಎಲೆಕ್ಷನ್ನು?"

"ಯಾವ ಎಲೆಕ್ಷನ್ನು?" ಅಂದ ಕರಿಯಪ್ಪ.

ನಗಬೇಕಾದ ಜಾಗ. ಆದರೆ ಯಾರೂ ನಗಲಿಲ್ಲ. ಫೋಟೋದವನು ಕ್ಯಾಮೆರಾ ಎತ್ತಿದವನು ಹಾಗೇ ಇಳಿಸಿದ. ಅಧ್ಯಕ್ಷರ ಬಿಳಿ ಅಂಗಿಯ ಒಳಗೆ ಹಳೆಯ ಸಣ್ಣ ಚಿಕ್ಕಸ್ವಾಮಿ ಎಲ್ಲೋ ಮೂಲೆಯಲ್ಲಿ ಕೂತ ಹಾಗೆ ಕಾಣಿಸಿತು.

ಲಿಖಿತಾ ಎದ್ದು ಬಂದು ತಟ್ಟೆಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಇಳೀರಿ ದೊಡ್ಡಪ್ಪ. ಬಂದಷ್ಟು ಅಕ್ಕಿ ನಮಗೆ ಸಾಕು."

"ಸಮ ಆಗ್ದೆ ಇಳಿಯಂಗಿಲ್ಲ ಕೂಸೇ. ಹರಕೆ." ಆಮೇಲೆ ಅವಳ ಕಡೆ ತಿರುಗಿ ಕೇಳಿದರು, "ನೀನು ನಿನ್ನೆ ಇದನ್ನೇ ಹೇಳೋಕೆ ಬಂದಿದ್ದಾ?"

"ಹೂಂ."

"ಎದುರು ಪಾರ್ಟಿ ಅಂದ್ಬುಟ್ಟೆ ನಿನ್ನ."

ಅಷ್ಟು ಹೊತ್ತಿಗೆ ಕೆಂಪಾಜಮ್ಮ ಅಲ್ಲಿರಲಿಲ್ಲ. ಬಂದಾಗ ಅವಳ ಕೈಯಲ್ಲಿ ಮೊರದ ತುಂಬ ಅಕ್ಕಿ ಇತ್ತು. ಯಾರ ಮುಖವನ್ನೂ ನೋಡದೆ ಮೇಲಿನ ತಟ್ಟೆಗೆ ಸುರಿದಳು. ಅದನ್ನು ನೋಡಿ ಇನ್ನೊಬ್ಬಳು ಎದ್ದು ಮನೆ ಕಡೆ ಹೋದಳು. ಕರಿಯಪ್ಪನ ಹೆಂಡತಿಯೂ ಹೋದಳು. ನಾನೂ ಹೋಗಿ ನನ್ನ ಕೈಲಾದಷ್ಟು ತಂದೆ. ತಕ್ಕಡಿಯ ದಂಡ ಸ್ವಲ್ಪ ಅಲುಗಿತು, ಅಷ್ಟೇ. ನಾವು ಅಷ್ಟು ಚೆನ್ನಾಗಿ ಮೇಯಿಸಿದ್ದೆವು.

ಕಶ್ಯಪ್ ಗಡಿಯಾರ ನೋಡಿ ಎದ್ದ. "ಕ್ಷಮಿಸಿ ಅಧ್ಯಕ್ಷರೇ, ನಾನು ಹೊರಡಬೇಕು. ನಾಳೆ ಬೆಳಿಗ್ಗೆ ಸಭೆ. ಆ ಮಹಡಿ ವಿಷಯದಲ್ಲಿ ನಿಮ್ಮಿಂದ ಏನೂ ಬರಲಿಲ್ಲ, ಹಾಗಾಗಿ…"

"ಒಂದು ನಿಮಿಷ ಸಾ." ಚಿಕ್ಕಸ್ವಾಮಿ ಲಿಖಿತಾಳ ಕಡೆ ಕೈ ಚಾಚಿದರು. "ಒಂದು ಹಾಳೆ ತತ್ತಾ ಕೂಸೇ."

"ಲೆಟರ್‌ಹೆಡ್ಡು?"

"ಯಾವ್ದಾದ್ರೂ ಸರಿ."

ಒಂದು ಮಗುವಿನ ಲೆಕ್ಕದ ಪುಸ್ತಕದಿಂದ ಹಾಳೆ ಹರಿದು ಕೊಟ್ಟರು. ಅಧ್ಯಕ್ಷರು ತೊಡೆಯ ಮೇಲೆ ಸ್ಲೇಟಿಟ್ಟುಕೊಂಡು ಬರೆಯತೊಡಗಿದರು. ತಟ್ಟೆ ಅಲುಗದ ಹಾಗೆ ಕರಿಯಪ್ಪ ಸರಪಳಿ ಹಿಡಿದ. ಬರೆದದ್ದನ್ನು ಅವರು ಓದಿದರು: "ಡೇರಿ ಮಹಡಿಯನ್ನು ಸಾಯಂಕಾಲದ ಹೊತ್ತು ಮಕ್ಕಳ ಪಾಠಕ್ಕೆ ಕೊಡಲು ನಮ್ಮ ಸಂಘದ ಅಭ್ಯಂತರ ಇಲ್ಲ. ಈ ಕೆಲಸವನ್ನು ಲಿಖಿತಾ ಮತ್ತು ಅವಳ ಗೆಳೆಯರು ನೋಡಿಕೊಳ್ಳುತ್ತಾರೆ." ಪೆನ್ನು ಇನ್ನೂ ಹಾಳೆಯ ಮೇಲೇ ಇತ್ತು. ಎಲ್ಲರೂ ಕಾದೆವು. ಏನೂ ಸೇರಿಸದೆ ಸಹಿ ಹಾಕಿದರು.

"ಕೆಳಗೆ ಅಧ್ಯಕ್ಷರು ಅಂತ ಬರೀಲೇಬೇಕಾ ಸಾ?"

"ಬರೀಲೇಬೇಕು. ನಿಯಮ."

ಸಣ್ಣ ಅಕ್ಷರದಲ್ಲಿ ಬರೆದರು.

ಕಶ್ಯಪ್ ಓದಿ, ತಲೆಯಾಡಿಸಿ, ಕಾಗದವನ್ನು ಲಿಖಿತಾಳ ಕೈಗೇ ವಾಪಸು ಕೊಟ್ಟ. "ಸರಿಯಾಗಿದೆ. ಆದ್ರೆ ನಾನು ತಗೊಂಡು ಹೋಗೋ ಹಾಗಿಲ್ಲಮ್ಮ. ಸಂಘದ ಟಪಾಲು ಹಾಲಿನ ಗಾಡಿಯ ಚೀಲದಲ್ಲೇ ಬರಬೇಕು. ನನ್ನ ಜೇಬಲ್ಲಿ ಬಂದ್ರೆ ಅದು ಬಂದ ಹಾಗೆ ಆಗಲ್ಲ."

ಡೇರಿಯ ಪಕ್ಕದಲ್ಲಿ ಕ್ಯಾನುಗಳನ್ನೆಲ್ಲ ತುಂಬಿಕೊಂಡು ಹಾಲಿನ ಗಾಡಿ ಹಾರನ್ ಹೊಡೆದಿತ್ತು. ಗಾಲಿ ಉರುಳತೊಡಗಿತ್ತು.

"ನಿಲ್ಸಣ್ಣೋ!" ಅಂತ ಕವನ ಗಾಡಿಯ ಹಿಂದೆ ಓಡಿ ಬಾಗಿಲು ಬಡಿದಳು. ಡೇರಿಯ ಸೆಕ್ರೆಟರಿ ಮೊಹರಿಗೆ ಉಫ್ ಅಂತ ಉಸಿರು ಊದಿ ಕಾಗದಕ್ಕೆ ಒತ್ತಿದ. ಲಿಖಿತಾ ಶಾಲು ಹೊದಿಸಿಕೊಂಡ ದಿನವೂ ಅಷ್ಟು ಅವಸರದಲ್ಲಿ ಹೆಜ್ಜೆ ಹಾಕಿರಲಿಲ್ಲ. ಚಪ್ಪಲಿ ಬಿಟ್ಟು ಓಡಿದಳು. ಡ್ರೈವರು ಬೈದುಕೊಂಡೇ ಕೈ ಚಾಚಿ, ಕಾಗದ ತಗೊಂಡು, ಸೀಟಿನ ಹಿಂದಿನ ಚೀಲಕ್ಕೆ ಹಾಕಿ, ಗೇರು ಬದಲಾಯಿಸಿದ. ಕ್ಯಾನುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಗಾಡಿ ನಂಜನಗೂಡಿನ ಕಡೆ ತಿರುಗಿತು.

ಹುಣಸೆಮರದ ಕೆಳಗೆ ತಕ್ಕಡಿ ಇನ್ನೂ ಸಮ ಆಗಿರಲಿಲ್ಲ. ಹೆಂಗಸರು ಒಬ್ಬರ ಹಿಂದೆ ಒಬ್ಬರು ಮೊರ ಹಿಡಿದು ಬರುತ್ತಲೇ ಇದ್ದರು. ನೆಲಕ್ಕಿಂತ ಒಂದು ಗೇಣು ಮೇಲೆದ್ದಿದ್ದ ತಟ್ಟೆಯಿಂದ ಚಿಕ್ಕಸ್ವಾಮಿ ಕತ್ತು ಉದ್ದ ಮಾಡಿ ರಸ್ತೆಯ ಕಡೆ ನೋಡಿದರು. ಅವರು ಕೂತ ಜಾಗಕ್ಕೆ ರಸ್ತೆ ಕಾಣುತ್ತಿರಲಿಲ್ಲ.

"ಓಯ್ತಾ ಕೂಸೇ?"

"ಹೋಯ್ತು ದೊಡ್ಡಪ್ಪ."